ಸೂರಮ್ಮನ ಎಡೆಯ ಬೀಡಿ

ಪಾಪಕ್ಕ ಬೀಡಿ ಬಿಟ್ಟಳು ಎಂಬ ಸುದ್ದಿ ಹಟ್ಟಿಯಲ್ಲಿ ಹಬ್ಬಿದಾಗ ಯಾರೂ ನಂಬಲಿಲ್ಲ. ನಂಬುವ ಮಾತಾದರೂ ಹೌದೇ? ನಲವತ್ತಾರು ವರ್ಷ ಸೇದಿದ ಹೆಂಗಸು. ಎದ್ದ ಕೂಡಲೇ ಒಂದು, ಕುರಿ ಕೂಡುವ ರೊಪ್ಪ ಗುಡಿಸಿದ ಮೇಲೆ ಒಂದು, ಉಂಡ ಮೇಲೆ ಒಂದು, ಉಣ್ಣುವುದು ತಡವಾದರೆ ಆ ಸಿಟ್ಟಿಗೆ ಇನ್ನೊಂದು. ಬಿ.ಜಿ. ಕೆರೆಯಿಂದ ಮೂರು ಮೈಲಿ ಆಚೆಗಿರುವ ಆ ಕುರಿಗಾರರ ಹಟ್ಟಿಯಲ್ಲಿ ಐವತ್ತು ದಾಟಿದ ಹೆಂಗಸರು ಬೀಡಿ ಸೇದುವುದು ಅತಿಶಯವೇನಲ್ಲ. ಶೇಂಗಾ ಬಿಡಿಸುವಾಗ ಸಾಲಾಗಿ ಕೂತು, ಒಬ್ಬಳ ಬೀಡಿಯ ತುದಿಗೆ ಇನ್ನೊಬ್ಬಳು ತನ್ನದನ್ನು ತಾಗಿಸಿ ಹಚ್ಚಿಕೊಳ್ಳುತ್ತಾರೆ. ಒಂದು ಕಡ್ಡಿಗೀರಿದರೆ ಏಳು ಜನಕ್ಕೆ ಸಾಕು. ಈಗಿನ ಸೊಸೆಯಂದಿರು ಮಾತ್ರ ಅದರ ಹತ್ತಿರ ಸುಳಿಯುವುದಿಲ್ಲ, ಮೂಗು ಮುಚ್ಚಿಕೊಂಡು ಓಡಾಡುತ್ತಾರೆ.

ಮೊದಲು ನಕ್ಕವಳು ಪಕ್ಕದ ಮನೆಯ ಯರ್ರಮ್ಮ. ಅವಳ ತವರು ಆಂಧ್ರದ ಕಡೆ, ಮಾತಿಗೆ ಮೊದಲು ತೆಲುಗೇ ಬರುವುದು.

“ಏಮೇ ಪಾಪಕ್ಕಾ, ಸನ್ಯಾಸ ತಗಂಡ್ಯಾ? ಇನ್ನೊಂದು ವಾರ ನೋಡ್ತೀನಿ. ನೀನಾಗೇ ಬಂದು ನನ್ನ ಬಾಗ್ಲಾಗೆ ಕೂತಿರ್ತೀಯ.”

ಪಾಪಕ್ಕ ಮುಖ ತಿರುಗಿಸಿ ಒಳಗೆ ಹೋದಳು. ಉತ್ತರ ಕೊಟ್ಟರೆ ಬೈಗುಳವೇ ಬರುವಷ್ಟು ಅವಳ ತಲೆ ಕೆಟ್ಟಿತ್ತು. ಬೀಡಿ ಬಿಟ್ಟು ಅವತ್ತಿಗೆ ನಾಲ್ಕನೇ ದಿನ.

ಆದದ್ದು ಇಷ್ಟು. ಯುಗಾದಿ ಕಳೆದ ಮೇಲೆ ಪಾಪಕ್ಕನಿಗೆ ಎಡಗೆನ್ನೆಯ ಒಳಗೆ ಚುರುಚುರು ಅನ್ನಲು ಶುರುವಾಯಿತು. ಖಾರ ತಾಗಿದರೆ ಕಣ್ಣಲ್ಲಿ ನೀರು. ದವಡೆ ಹಲ್ಲಿಗೆ ಹುಳ ಬಿದ್ದಿದೆ ಎಂದು ಅವಳೇ ತೀರ್ಮಾನ ಮಾಡಿಕೊಂಡಳು. ಹಲ್ಲಿನ ಹುಳಕ್ಕೆ ಬೀಡಿ ಹೊಗೆಯೇ ಮದ್ದು ಎಂಬುದು ಆ ಹಟ್ಟಿಯಲ್ಲಿ ಹೆಂಗಸರಿಂದ ಹೆಂಗಸರಿಗೆ ಬಂದ ವೈದ್ಯ. ಹೊಗೆ ಎಳೆದು, ನೋವಿರುವ ಕೆನ್ನೆಗೆ ತುಂಬಿಕೊಂಡು, ಬಾಯಿ ಬಿಗಿಹಿಡಿದು ಕೂರಬೇಕು. ಪಾಪಕ್ಕ ಎರಡು ತಿಂಗಳು ಹಾಗೇ ಮಾಡಿದಳು. ದಿನಕ್ಕೆ ಒಂದು ಕಟ್ಟು ಸಾಕಾಗುತ್ತಿದ್ದವಳಿಗೆ ಎರಡು ಕಟ್ಟು ಬೇಕಾಯಿತು. ಬೆಂಕಿಯನ್ನು ಸೀಮೆಎಣ್ಣೆ ಹಾಕಿ ಆರಿಸುವ ಕೆಲಸ ಅದು. ಆದರೆ ಯಾರು ಹೇಳಬೇಕು?

ಹೇಳಿದವಳು ಮಾಲತಿ. ಪಾಪಕ್ಕನ ತಮ್ಮನ ಮಗಳು, ಈಗ ಸೊಸೆ. ಸೋದರತ್ತೆ ಎಂಬ ಸಲುಗೆಯಲ್ಲಿ ಮನೆಗೆ ಬಂದ ದಿನದಿಂದ ‘ನೀನು’ ಎಂದೇ ಮಾತಾಡಿಸಿಕೊಂಡು, ಜಗಳಕ್ಕೂ ಸಮನಾಗಿ ನಿಲ್ಲುವವಳು. ಮೊಳಕಾಲ್ಮುರಿನಲ್ಲಿ ಪಿಯುಸಿ ಮುಗಿಸಿದ್ದಳು. ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುದ್ದೆ ಉಣ್ಣುತ್ತಿದ್ದ ಅತ್ತೆ ಒಂದು ದಿನ ಸಾರಿಗೆ ಮಜ್ಜಿಗೆ ಬೆರೆಸಿಕೊಂಡದ್ದನ್ನು ನೋಡಿ ಅವಳಿಗೆ ಅನುಮಾನ ಬಂತು.

“ಅತ್ತೆ, ಬಾಯಿ ತೆಗಿ.”

“ಯಾಕೆ, ಕುರಿ ಹಲ್ಲು ನೋಡಿ ವಯಸ್ಸು ಹೇಳ್ತೀಯಾ?”

“ತೆಗಿ ಅಂದ್ರೆ ತೆಗಿ!”

ಮೊಬೈಲಿನ ಟಾರ್ಚು ಹಾಕಿ ನೋಡಿದರೆ ಕೆನ್ನೆಯ ಒಳಗೆ ಬೆರಳಗಲದ ಬಿಳಿ ಮಚ್ಚೆ. ಮಾಲತಿ ಟಾರ್ಚು ಆರಿಸಿದಳು. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆಯನ್ನು ಎಳೆದುಕೊಂಡು ಚಳ್ಳಕೆರೆಯ ದೊಡ್ಡಾಸ್ಪತ್ರೆಗೆ ಹೋದಳು.

ಅಲ್ಲಿ ದಾಕ್ಷಾಯಿಣಿ ಎಂಬ ಹಲ್ಲಿನ ಡಾಕ್ಟರು. ಚಳ್ಳಕೆರೆಯವರೇ, ಎಣ್ಣೆ ಮಿಲ್ಲಿನವರ ಮನೆಯ ಹೆಣ್ಣುಮಗಳು. ಮಾತು ಖಡಕ್ಕು, ಕೈ ಮೆತ್ತಗೆ. ಮಚ್ಚೆಯಿಂದ ಕಾಳಿನಷ್ಟು ಚೂರು ತೆಗೆದು ದಾವಣಗೆರೆಗೆ ಕಳಿಸಿದರು. ರಿಪೋರ್ಟು ಬರಲು ಹನ್ನೊಂದು ದಿನ. ಆ ಹನ್ನೊಂದು ದಿನ ಪಾಪಕ್ಕ ಹೇಗಿದ್ದಳೋ ದೇವರಿಗೇ ಗೊತ್ತು. ಕುರಿಮರಿಗಳಿಗೆ ಹಾಲು ಕುಡಿಸುತ್ತಾ ಸುಮ್ಮನೆ ಅಳುತ್ತಿದ್ದಳು, ಯಾರಾದರೂ ಬಂದರೆ ಹೊಗೆ ತಾಗಿತು ಅನ್ನುತ್ತಿದ್ದಳು.

ರಿಪೋರ್ಟು ಕೈಯಲ್ಲಿ ಹಿಡಿದು ಡಾಕ್ಟರು ಹೇಳಿದರು: “ನೋಡಮ್ಮ, ಇದು ಕ್ಯಾನ್ಸರ್ ಅಲ್ಲ. ಆದ್ರೆ ಅದರ ದಾರಿ ಹಿಡಿದು ಸುಮಾರು ದೂರ ಹೋಗಿದೆ. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಏನು ಹೇಳ್ತಿದ್ನೋ ಗೊತ್ತಿಲ್ಲ.”

“ಇಷ್ಟು ವರ್ಷ ಸೇದೀನಿ ತಾಯಿ. ಈಗ ಬಿಟ್ರೆ ಏನ್ ಬಂತು?”

“ಬರುತ್ತೆ. ಇವತ್ತು ಬಿಟ್ರೆ ನಾಳೆಯಿಂದ ಅಪಾಯ ಇಳೀತಾ ಹೋಗುತ್ತೆ. ಒಂದೇ ಸಲ ಅಲ್ಲ, ವರ್ಷ ವರ್ಷ ಇಷ್ಟಿಷ್ಟೇ. ನಿಮ್ಮ ಸೊಸೆಗೆ ಈ ಭಯಾನೇ ಇಲ್ಲ, ಯಾಕಂದ್ರೆ ಅವಳು ಹಚ್ಚೇ ಇಲ್ಲ. ನೀವು ಅವಳಷ್ಟು ನಿರಾಳ ಆಗೋಕೆ ತುಂಬಾ ವರ್ಷ ಬೇಕು. ಆದ್ರೆ ಆ ಕಡೆ ಮುಖ ಮಾಡಿ ನಡೀಬಹುದಲ್ಲ? ಅರ್ಧ ಬಿಡೋದು, ಒಂದೇ ದಮ್ಮು ಎಳೆಯೋದು, ಅದೆಲ್ಲ ನನ್ನ ಹತ್ರ ನಡೆಯಲ್ಲ. ಒಂದು ಎಳೆದ್ರೆ ನೀವು ಮತ್ತೆ ಪೂರ್ತಿ ಕಟ್ಟಿಗೇ ಹೋಗ್ತೀರಿ.”

ಹೀಗೆ ಪಾಪಕ್ಕನ ಬೀಡಿ ನಿಂತಿತು. ನಿಂತಿತು ಅಂದರೆ ಮಾಲತಿ ನಿಲ್ಲಿಸಿದಳು. ಅಟ್ಟದ ಮೇಲಿನ ಕಟ್ಟು, ಅಕ್ಕಿ ಡಬ್ಬದ ಹಿಂದಿನ ಕಟ್ಟು, ಕೊಟ್ಟಿಗೆಯ ಸಂದಿಯಲ್ಲಿದ್ದ ಮೋಟುಗಳು, ಎಲ್ಲವನ್ನೂ ಹುಡುಕಿ ಒಲೆಗೆ ಹಾಕಿದಳು. ಒಮ್ಮೆ ಪಾಪಕ್ಕ ಕಳ್ಳಹೆಜ್ಜೆಯಲ್ಲಿ ಯರ್ರಮ್ಮನ ಮನೆಗೆ ಹೋಗಿದ್ದಳು. ಹಿಂದೆಯೇ ಬಂದ ಸೊಸೆ ಬಾಗಿಲಿಗೆ ಅಡ್ಡ ನಿಂತು ಯರ್ರಮ್ಮನಿಗೆ ಹೇಳಿದಳು: “ಅಕ್ಕ, ಇವಳಿಗೆ ಒಂದು ಬೀಡಿ ಕೊಟ್ಟೆ ಅಂದ್ರೆ ನಾಳೆ ಇವಳ ಹೆಣಕ್ಕೆ ಹೂವು ನೀನೇ ತರ್ಬೇಕು. ತರ್ತೀಯಾ?” ಯರ್ರಮ್ಮ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಪಾಪಕ್ಕ ಆವತ್ತು ಸೊಸೆಯನ್ನು, ಸೊಸೆಯ ಅಪ್ಪನನ್ನು, ಅಂದರೆ ತನ್ನ ಸ್ವಂತ ತಮ್ಮನನ್ನೇ, ಹಟ್ಟಿಗೆಲ್ಲ ಕೇಳುವಂತೆ ಬೈದಳು. ಮಾಲತಿ ಬೈಸಿಕೊಂಡು, ಒಂದು ಹಿಡಿ ಹುರಿಗಡಲೆ ತಂದು ಅವಳ ಮುಂದಿಟ್ಟು, ಹಸುವಿಗೆ ನೀರು ಕುಡಿಸಲು ಹೋದಳು.

ಮೂರು ತಿಂಗಳ ಮೇಲೆ ಮತ್ತೆ ಚಳ್ಳಕೆರೆಗೆ ಹೋದಾಗ ಡಾಕ್ಟರು ಬಾಯೊಳಗೆ ಬಹಳ ಹೊತ್ತು ನೋಡಿದರು. “ಮಚ್ಚೆ ತೆಳ್ಳಗಾಗಿದೆ ಪಾಪಕ್ಕಾರೇ. ಅರ್ಧಕ್ಕರ್ಧ ಹೋಗಿದೆ. ಭೇಷ್!” ಅಂದರು. ಜನ್ಮದಲ್ಲಿ ಯಾರೂ ಪಾಪಕ್ಕನಿಗೆ ‘ಭೇಷ್’ ಅಂದಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾಲತಿಯ ಪಕ್ಕ ಕೂತ ಅವಳಿಗೆ ಎದೆ ತುಂಬಿ ಬಂತು. ಈ ಹುಡುಗಿ ಇಲ್ಲದಿದ್ದರೆ ನಾನಿರುತ್ತಿರಲಿಲ್ಲ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳೋಣವೆಂದರೆ, ಸೊಸೆಗೆ ಅಂಥ ಮಾತು ಹೇಳಿ ಅವರ ಮನೆಗಳಲ್ಲಿ ಯಾರಿಗೂ ರೂಢಿಯಿಲ್ಲ. ಕೊನೆಗೆ, “ಕಿಟಕಿ ಹಾಕೇ, ಗಾಳಿಗೆ ನೆಗಡಿ ಆದೀತು ನಿನಗೆ” ಎಂದು ಗದರಿದಳು. ಮಾಲತಿ ನಕ್ಕು ಕಿಟಕಿ ಹಾಕಿದಳು.

ಆ ವಾರವೇ ಯರ್ರಮ್ಮ ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಬಂದು, “ಮಾಲ್ತೀ, ನನ್ನ ಬಾಯಾಗೂ ಬ್ಯಾಟ್ರಿ ಬಿಟ್ಟು ನೋಡೇ ತಲ್ಲೀ” ಅಂದಳು. ಅವಳ ಹಿಂದೆ ಇನ್ನಿಬ್ಬರು ಬಾಯಿ ತೆರೆದುಕೊಂಡು ನಿಂತಿದ್ದರು. ಪಾಪಕ್ಕನಿಗೆ ನಗು ತಡೆಯಲಾಗಲಿಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ.

ಆ ಮನೆತನದಲ್ಲಿ ಹಿರಿಯರಿಗೆ ಎಡೆ ಇಡುವುದಕ್ಕೆ ಒಂದು ಕ್ರಮವಿದೆ. ಸತ್ತವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದು ಅವರ ಎಲೆಯ ಮೇಲೆ ಇರಲೇಬೇಕು. ಗಂಡು ಹಿರಿಯರ ಎಲೆಗೆ ಗಂಡುಮಕ್ಕಳು ಬಡಿಸಬೇಕು, ಹೆಣ್ಣು ಹಿರಿಯರ ಎಲೆಗೆ ಮನೆಯ ಸೊಸೆಯ ಕೈಯೇ ಆಗಬೇಕು. ಪಾಪಕ್ಕನ ಅತ್ತೆ ಸೂರಮ್ಮ ತೀರಿಕೊಂಡು ಹದಿನೆಂಟು ವರ್ಷ. ಅವಳ ಇಷ್ಟದ್ದು ಬೀಡಿ. ಅದೂ ಸುಮ್ಮನೆ ಇಟ್ಟರಾಗದು, ಹಚ್ಚಿ ಇಡಬೇಕು. ಎಲೆಯ ಪಕ್ಕದ ಕುಡಿಕೆಯ ಅಂಚಿನಲ್ಲಿ ಬೀಡಿ ತುದಿಯವರೆಗೆ ಉರಿದು ಬೂದಿಯಾದರೆ ಸೂರಮ್ಮ ಸಂತೋಷವಾಗಿ ಸೇದಿ ಹೋದಳು ಎಂದು ಅರ್ಥ. ನಡುವೆ ಆರಿದರೆ ಮುನಿಸಿಕೊಂಡಳು ಎಂದು. ಬೀಡಿಯ ಜಾತಕವೇ ಹಾಗೆ, ಬಾಯಿಟ್ಟು ಎಳೆಯದೆ ಸರಿಯಾಗಿ ಹತ್ತುವುದಿಲ್ಲ. ಹದಿನೆಂಟು ವರ್ಷವೂ ಪಾಪಕ್ಕ ಎರಡು ದಮ್ಮು ಚೆನ್ನಾಗಿ ಎಳೆದು, ಕೆಂಪಗೆ ಮಾಡಿ, ಎಡೆಗಿಟ್ಟಿದ್ದಳು. ಒಂದು ವರ್ಷವೂ ಆರಿರಲಿಲ್ಲ.

ಹಬ್ಬದ ಹಿಂದಿನ ದಿನ ಮಾಂಸಕ್ಕೆ ಮಸಾಲೆ ಅರೆಯುತ್ತಾ ಮಾಲತಿ ಹೇಳಿದಳು: “ಈ ಸಲ ಬೀಡಿ ಹಚ್ಚೋದು ಬ್ಯಾಡ ಅತ್ತೆ. ಹಂಗೇ ಇಟ್ಬಿಡೋಣ.”

ಪಾಪಕ್ಕನ ಗಂಡ ಮೂಡಲಗಿರಿಯಪ್ಪ ಜಗಲಿಯಲ್ಲಿ ಕಂಬಳಿಯ ಅಂಚು ಹೊಲಿಯುತ್ತಾ ಕೂತಿದ್ದ. ಒಳ್ಳೆಯ ಮನುಷ್ಯ, ಆದರೆ ತನ್ನ ಅವ್ವನ ವಿಷಯ ಬಂದರೆ ಅರವತ್ತೇಳರ ಮುದುಕ ಆರು ವರ್ಷದ ಹುಡುಗನಾಗುತ್ತಾನೆ. “ಹಚ್ಚದ ಬೀಡಿ ಇಟ್ರೆ ನಮ್ಮವ್ವ ಕಡ್ಡಿಪೆಟ್ಟಿಗೆ ಯಾರ ಮನೇಲಿ ಕೇಳ್ಬೇಕು?” ಎಂದು ಅಲ್ಲಿಂದಲೇ ಕೂಗಿದ.

ಪಾಪಕ್ಕನ ಸಂಕಟ ಬೇರೆ. ಅವಳ ಮೊದಲೆರಡು ಕೂಸುಗಳು ಹುಟ್ಟಿದ ವಾರದಲ್ಲೇ ಹೋದಾಗ, ಗಂಡನಿಗೆ ಇನ್ನೊಂದು ಮದುವೆ ಮಾಡಬೇಕೆಂದು ನಾಯಕನಹಟ್ಟಿ ಕಡೆಯ ನೆಂಟರು ಹೆಣ್ಣಿನ ಮಾತು ತಂದಿದ್ದರು. ಸೂರಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, “ಇನ್ನೊಬ್ಬಳು ಈ ಮನೆಗೆ ಬರೋದಾದ್ರೆ ನನ್ನ ತುಳಕಂಡು ಬರ್ಲಿ” ಅಂದಿದ್ದಳು. ಬಂದವರು ನೀರೂ ಕುಡಿಯದೆ ಹೋದರು. ಮಗ ಚಂದ್ರಣ್ಣ ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ, ಇವತ್ತು ಅವನ ಹೆಂಡತಿಯಾಗಿ ಮಾಲತಿ ಈ ಮನೆಯಲ್ಲಿದ್ದಾಳೆ. ಅಂಥ ತಾಯಿಗೆ ವರ್ಷಕ್ಕೊಂದು ಬೀಡಿ ಹಚ್ಚಿಡಲೂ ಆಗದಷ್ಟು ದೊಡ್ಡವಳಾದೆನೇ ನಾನು ಎಂದು ಪಾಪಕ್ಕನಿಗೆ ಮನಸ್ಸು ಕಿತ್ತುಬರುತ್ತಿತ್ತು. ಆ ಕಡೆ ಸತ್ತು ಕಾಯುತ್ತಿರುವ ಅತ್ತೆ, ಈ ಕಡೆ ಬದುಕಿಸಿದ ಸೊಸೆ.

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿದರು. ಧೂಪ ಹಾಕಿದರು. ಚಂದ್ರಣ್ಣ ಮಂದೆಯ ಜೊತೆ ಹೊಳೆಯ ಕಡೆ ಹೋಗಿದ್ದರಿಂದ ಮನೆಯಲ್ಲಿ ಮೂವರೇ. ಮೂಡಲಗಿರಿಯಪ್ಪ ತನ್ನ ಅಪ್ಪನ ಎಲೆಗೆ ಬಡಿಸಿ ಕೈಮುಗಿದ. ಸೂರಮ್ಮನ ಎಲೆಗೆ ಪಾಪಕ್ಕ ಮುದ್ದೆ ಇಟ್ಟಳು, ಮಾಂಸದ ಸಾರು ಬಿಟ್ಟಳು, ಹೊಸ ಸೀರೆ ಇಟ್ಟಳು. ಆಮೇಲೆ ಬೀಡಿ ಕೈಗೆ ತೆಗೆದುಕೊಂಡಳು.

ಬಾಯಿಗೆ ಇಡದೆ ದೀಪಕ್ಕೆ ಹಿಡಿದು ನೋಡಿದಳು. ತುದಿ ಕರ್ರಗಾಯಿತು, ಹೊಗೆಯೆದ್ದಿತು, ಕುಡಿಕೆಯ ಅಂಚಿಗೆ ಇಡುವಷ್ಟರಲ್ಲಿ ಆರಿತು. ಇನ್ನೊಂದು ತೆಗೆದು ಕೆಂಡಕ್ಕೆ ತಾಗಿಸಿ ಊದಿದಳು. ಅದೂ ಆರಿತು.

“ನೋಡು, ಅವ್ವ ಮುನಿಸ್ಕಂಡ್ಲು” ಎಂದ ಮೂಡಲಗಿರಿಯಪ್ಪ. “ಒಂದ್ ದಮ್ಮು ಎಳೆದು ಇಡೇ. ವರ್ಷಕ್ಕೊಂದ್ ದಿನ.”

ಮೂರನೇ ಬೀಡಿ ಪಾಪಕ್ಕನ ಬೆರಳ ನಡುವೆ ಬಂತು. ಆ ವಾಸನೆ! ನಾಲ್ಕು ತಿಂಗಳು ಇಷ್ಟು ಹತ್ತಿರ ಬರದಿದ್ದ ವಾಸನೆ. ಅವಳ ನಾಲಿಗೆಯಡಿ ನೀರೂರಿತು, ಕೈ ತಾನಾಗಿ ಬಾಯಿಯ ಕಡೆಗೆ ಏರಿತು. ಒಂದೇ ದಮ್ಮು, ಅದೂ ಸತ್ತವರಿಗಾಗಿ, ಇದು ಸೇದಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಆ ಮನಸ್ಸು ಸುಳ್ಳು ಹೇಳುತ್ತಿದೆ ಎಂದೂ ಅವಳಿಗೆ ಗೊತ್ತಿತ್ತು. ಈಗ ಎಳೆದರೆ ಸಂಜೆಗೆ ಯರ್ರಮ್ಮನ ಬಾಗಿಲು. ಆದರೂ ಕೈ ನಿಲ್ಲಲಿಲ್ಲ.

ಮಾಲತಿ ಅದನ್ನು ಕಸಿದುಕೊಂಡಳು.

“ಕೊಡಿಲ್ಲಿ. ಸೊಸೆ ಕೈ ಆದ್ರೆ ಆಯ್ತು ತಾನೆ? ನಾನೂ ಈ ಮನೆ ಸೊಸೆನೇ. ನಾನು ಹಚ್ತೀನಿ.”

ಬೀಡಿಯನ್ನು ಹೇಗೆ ಹಿಡಿಯಬೇಕೆಂದೂ ಆ ಹುಡುಗಿಗೆ ಗೊತ್ತಿಲ್ಲ. ಮೂರು ಬೆರಳಲ್ಲಿ ಹಿಡಿದು, ತುಟಿಗಿಟ್ಟು, ದೀಪಕ್ಕೆ ಬಗ್ಗಿ ಎಳೆದಳು. ಕೆಮ್ಮು ಉಕ್ಕಿ ಬಂತು. ಕಣ್ಣು ಕೆಂಪಾಗಿ ನೀರು ಸುರಿಯಿತು. ಬೀಡಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಡ ಕಾಣಿಸಿತು.

“ಹಾಂ, ಹತ್ತಿತು! ಇನ್ನೊಂದ್ ದಮ್ಮು ಎಳಿಯವ್ವ, ಮೊದ್ಲು ಹಂಗೇ ಆಗೋದು, ಆಮೇಲೆ ರೂಢಿ ಆಗ್ತೈತೆ” ಎಂದ ಮೂಡಲಗಿರಿಯಪ್ಪ. ಪಾಪ, ಅವನು ಪ್ರೀತಿಯಿಂದಲೇ ಅಂದದ್ದು.

ಈ ಮಾತು ಪಾಪಕ್ಕ ಮೊದಲೇ ಕೇಳಿದ್ದಳು. ಇದೇ ನಡುಮನೆ, ಇದೇ ಅಮಾವಾಸ್ಯೆ. ಅವಳಿಗೆ ಹದಿನಾರು. ಮದುವೆಯಾದ ಮೊದಲ ವರ್ಷ. ಸೂರಮ್ಮ ತನ್ನ ಅತ್ತೆಯ ಎಡೆಗೆ ಬೀಡಿ ಇಡಲು ಹೊಸ ಸೊಸೆಯ ಕೈಯಲ್ಲಿ ಹಚ್ಚಿಸಿದ್ದಳು. ಪಾಪಕ್ಕ ಹೀಗೇ ಕೆಮ್ಮಿದ್ದಳು, ಹೀಗೇ ಕಣ್ಣಲ್ಲಿ ನೀರು ಬಂದಿತ್ತು. ಸೂರಮ್ಮ ಬೆನ್ನು ಸವರುತ್ತಾ, ಆಮೇಲೆ ರೂಢಿ ಆಗ್ತೈತೆ ಮಗಳೇ, ಅಂದಿದ್ದಳು. ಆಯಿತು. ಮುಂದಿನ ವರ್ಷ ಕೆಮ್ಮು ಬರಲಿಲ್ಲ. ಅದರ ಮುಂದಿನ ವರ್ಷಕ್ಕೆ ಅಮಾವಾಸ್ಯೆ ಬರುವವರೆಗೆ ಕಾಯಲೇ ಇಲ್ಲ. ಸೂರಮ್ಮನಿಗೂ ಅವಳ ಅತ್ತೆ ಇದೇ ಜಾಗದಲ್ಲಿ ಕಲಿಸಿರಬೇಕು. ಎಲ್ಲರೂ ಪ್ರೀತಿಯಿಂದಲೇ ಕಲಿಸಿದ್ದು.

ಮಾಲತಿ ಎರಡನೇ ಸಲ ಬೀಡಿಯನ್ನು ತುಟಿಗೆ ಒಯ್ಯುತ್ತಿದ್ದಳು. ಪಾಪಕ್ಕ ಬೀಸಿ ಅವಳ ಕೈಗೆ ಹೊಡೆದಳು. ಬೀಡಿ ಹಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ನೀರಿನ ಚೊಂಬಿನೊಳಗೆ ಅದ್ದಿದಳು. ಚುಂಯ್ ಅಂದಿತು.

“ಏನ್ ಮಾಡ್ದೇ!” ಮೂಡಲಗಿರಿಯಪ್ಪ ಎದ್ದು ನಿಂತ. “ಹಬ್ಬದ್ ದಿನ ನಮ್ಮವ್ವನ ಎಡೇಲಿ ಇದೇನೇ ಅನಾಹುತ!”

“ಕೂತ್ಕ!” ಎಂದಳು ಪಾಪಕ್ಕ. ಅವಳ ದನಿಗೆ ಗಂಡ ನಿಂತಲ್ಲೇ ಕೂತ.

ಅವಳು ಸೂರಮ್ಮನ ಎಲೆಯ ಮುಂದೆ ಮೊಣಕಾಲೂರಿದಳು. ಉಳಿದ ಬೀಡಿ ಕಟ್ಟನ್ನು ಎಡೆಯಿಂದ ತೆಗೆದು ತನ್ನ ಹಿಂದಕ್ಕೆ ಸರಿಸಿದಳು.

“ಅತ್ತೆ, ಸಿಟ್ಟು ಮಾಡ್ಕಬ್ಯಾಡ. ಸಿಟ್ಟು ಬಂದ್ರೆ ನನ್ನ ಮ್ಯಾಲೆ ಬರ್ಲಿ, ಈ ಹುಡುಗಿ ಮ್ಯಾಲೆ ಬ್ಯಾಡ. ನೀನು ನನಗೆ ಮನೆ ಉಳಿಸಿಕೊಟ್ಟೆ, ಮಗನ್ನ ಕೊಟ್ಟೆ. ಸಾಯೋಗಂಟ ನಿನ್ನ ಹೆಸರು ಹೇಳಿ ಉಣ್ತೀನಿ. ಆದ್ರೆ ಇದೊಂದು ನೀನು ಕೊಡಬಾರದಿತ್ತು. ನಿನಗೆ ಗೊತ್ತಿರಲಿಲ್ಲ. ನಿನ್ನ ಗಂಟಲಾಗೆ ಗಡ್ಡೆ ಆದಾಗ ಯಾರೋ ಮಾಟ ಮಾಡಿಸ್ಯಾರೆ ಅಂತ ಊರೂರು ಸುತ್ತಿದ್ವಿ. ಮಾಟ ಅಲ್ಲ ಅತ್ತೆ. ಇದೇ. ನಾಲ್ಕು ತಿಂಗ್ಳು ನೀರೂ ಇಳೀದೆ ಒದ್ದಾಡಿದ್ಯಲ್ಲ, ಮುದ್ದೆ ಬೇಕು ಅಂತ ಸನ್ನೆ ಮಾಡಿ ಕೇಳಿ, ಬಾಯಿಗಿಟ್ರೆ ನುಂಗೋಕಾಗ್ದೆ ಅತ್ತಿದ್ಯಲ್ಲ, ಇದರಿಂದಾನೇ. ಹದಿನೆಂಟು ವರ್ಷ ನಿನ್ನ ಕೊಂದಿದ್ದನ್ನೇ ಹಚ್ಚಿ ಹಚ್ಚಿ ನಿನ್ನ ಎಲೆಗೆ ಇಟ್ಟೀನಿ. ತಪ್ಪಾಯ್ತು ತಾಯಿ.”

ಮೂಡಲಗಿರಿಯಪ್ಪನ ಮುಖದಿಂದ ಸಿಟ್ಟು ಇಳಿದುಹೋಗಿತ್ತು. ಅವ್ವನ ಆ ನಾಲ್ಕು ತಿಂಗಳನ್ನು ಅವನು ಯಾರ ಹತ್ತಿರವೂ ಮಾತಾಡಿದವನಲ್ಲ. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ.

ಪಾಪಕ್ಕ ಮಾಲತಿಯ ಕಡೆ ತಿರುಗಿದಳು. ಹುಡುಗಿ ಇನ್ನೂ ಕೆಮ್ಮುತ್ತಿದ್ದಳು. ಸೆರಗಿನಿಂದ ಅವಳ ತುಟಿಯನ್ನು ಎರಡು ಸಲ, ಮೂರು ಸಲ ಉಜ್ಜಿ ಒರೆಸಿದಳು.

“ನನ್ನ ಉಳಿಸಿದೋಳು ನೀನು ಕಣೇ” ಎಂದಳು. ಇಷ್ಟು ದಿನ ಗಂಟಲಲ್ಲೇ ಇದ್ದ ಮಾತು ಸರಾಗವಾಗಿ ಬಂತು. “ನಿನ್ನ ಋಣ ನಾನು ತೀರಿಸೋಕಾಗಲ್ಲ. ನನಗೋಸ್ಕರ ನೀನು ಇದನ್ನ ಬಾಯಿಗಿಟ್ಯಲ್ಲೇ, ನನ್ನ ಕಣ್ಣೆದುರೇ ಇಟ್ಯಲ್ಲೇ! ಇನ್ಮ್ಯಾಲೆ ಈ ಮನೇಲಿ ಯಾವ ಸೊಸೆನೂ ಇದನ್ನ ಹಚ್ಚಂಗಿಲ್ಲ. ನಾನು ಸತ್ರೆ ನನ್ನ ಎಡೆಗೂ ಇಡಂಗಿಲ್ಲ, ಇಟ್ರೆ ಎದ್ದು ಬಂದು ಒದೀತೀನಿ.”

ಅಳುವಿನ ನಡುವೆ ಮಾಲತಿಗೆ ನಗು ಬಂತು. “ಮತ್ತೆ ಏನ್ ಇಡ್ಲಿ ನಿನಗೆ?”

“ಹಸಿಮೆಣಸಿನಕಾಯಿ ಇಡು.”

ಮೂಡಲಗಿರಿಯಪ್ಪ ಮುಖ ಒರೆಸಿಕೊಂಡು ಎದ್ದು ಬಂದ. ಹೆಣ್ಣು ಹಿರಿಯಳ ಎಲೆಗೆ ಗಂಡಸು ಕೈ ಹಾಕಬಾರದು. ಅವನು ಹಾಕಿದ. ಸೂರಮ್ಮನ ಎಲೆಯ ಮೇಲಿನ ಮುದ್ದೆಯಿಂದ ಚೂರು ಮುರಿದು, ಸಾರಿನಲ್ಲಿ ಅದ್ದಿ, ಕೂಸಿಗೆ ಉಣಿಸುವಷ್ಟು ಸಣ್ಣ ತುತ್ತು ಮಾಡಿ ಎಲೆಯ ನಡುವೆ ಇಟ್ಟ.

“ಉಣ್ಣವ್ವ” ಎಂದ. “ಮೆತ್ತಗೈತೆ, ನುಂಗು.”